ಭಯದ ರುಚಿ

ಬಸವನಗುಡಿಯ ಕೃಷ್ಣರಾವ್ ಪಾರ್ಕಿನಲ್ಲಿ ಬೆಳಗಿನ ಹೊತ್ತು ನಮ್ಮದೊಂದು ಸಣ್ಣ ಸಭೆ ಸೇರುತ್ತದೆ. ಅದಕ್ಕೆ ಅಧ್ಯಕ್ಷರಿಲ್ಲ, ಕಾರ್ಯದರ್ಶಿಯಿಲ್ಲ, ವಂದನಾರ್ಪಣೆಯೂ ಇಲ್ಲ. ಮೂರು ಸುತ್ತು ನಡೆದು, ನಾಲ್ಕನೆಯ ಸುತ್ತಿಗೆ ಮಂಡಿ ಒಪ್ಪದಿದ್ದಾಗ ಬೆಂಚಿನ ಮೇಲೆ ಕುಳಿತು, ಲೋಕದ ವ್ಯವಹಾರವನ್ನೆಲ್ಲ ತೀರ್ಮಾನ ಮಾಡಿ ಮನೆಗೆ ಹೋಗುತ್ತೇವೆ. ಈಚೆಗೆ ಒಂದು ದಿನ ಅಲ್ಲಿ ನಾನೊಂದು ಸುದ್ದಿ ಹೇಳಿದೆ. ಊರಿನಿಂದ ಬಂದಿದ್ದ ನನ್ನ ಸೋದರಳಿಯ ನನ್ನನ್ನೊಂದು ದೆವ್ವದ ಸಿನಿಮಾಕ್ಕೆ ಕರೆದುಕೊಂಡು ಹೋಗುವುದಾಗಿ ಹಟ ಹಿಡಿದಿದ್ದಾನೆ. ಜೊತೆಗೆ ಯಾರಾದರೂ ಬರುತ್ತೀರಾ ಎಂದು ಕೇಳಿದೆ.

ನಮ್ಮಲ್ಲಿ ಒಬ್ಬರು ಲೆಕ್ಕಪತ್ರದ ಕೆಲಸದಲ್ಲಿ ತಲೆ ನರೆಸಿಕೊಂಡು ನಿವೃತ್ತರಾದವರು. ಪ್ರಪಂಚದಲ್ಲಿ ಜಮೆಯ ಕಡೆ ಬರೆದದ್ದಕ್ಕೆ ಖರ್ಚಿನ ಕಡೆ ಉತ್ತರವಿರಲೇಬೇಕು ಎಂಬುದು ಅವರ ವೇದಾಂತ. ಅವರು ಟೋಪಿ ಸರಿಮಾಡಿಕೊಂಡು ಹೇಳಿದರು:

"ಅಲ್ರೀ, ಹೆದರಿಕೊಳ್ಳೋದಕ್ಕೂ ದುಡ್ಡು ಕೊಡಬೇಕೇನ್ರೀ? ಬೆಳಗಾದರೆ ಪೇಪರು ಬರುತ್ತೆ. ಮಧ್ಯಾಹ್ನ ಲ್ಯಾಬಿನಿಂದ ರಕ್ತದ ರಿಪೋರ್ಟು ಬರುತ್ತೆ. ರಾತ್ರಿ ಮಗ ಮನೆಗೆ ಬರೋದು ಅರ್ಧ ಗಂಟೆ ತಡವಾದರೆ ಸಾಕು, ಎದೆ ಢವಢವ ಅನ್ನುತ್ತೆ. ಇಷ್ಟೆಲ್ಲ ಪುಕ್ಕಟೆ ಸಿಕ್ಕುವಾಗ, ಟಿಕೆಟ್ಟು ಕೊಂಡು ಹೆದರೋದು ಯಾವ ಸೀಮೆ ಲೆಕ್ಕ?"

ಎಲ್ಲರೂ ನಕ್ಕೆವು. ಆದರೆ ಪ್ರಶ್ನೆ ನಗೆಯಲ್ಲಿ ತೇಲಿಹೋಗುವಂಥದಲ್ಲ. ಭಯದಿಂದ ದೂರ ಓಡುವುದು ಪ್ರಾಣಿಧರ್ಮ. ಮನುಷ್ಯ ಎಂಬ ಪ್ರಾಣಿಯೊಂದೇ ಓಡುವಷ್ಟು ದೂರ ಓಡಿ, ಮತ್ತೆ ಹಿಂದಿರುಗಿ ಬಂದು, ಬೆರಳ ಸಂದಿಯಿಂದ ಇಣಿಕಿ ನೋಡುತ್ತದೆ. ೧೯೩೧ರಲ್ಲಿ ಹಾಲಿವುಡ್ಡಿನ 'ಡ್ರಾಕುಲಾ' ತೆರೆಗೆ ಬಂದಿತು. ಆಮೇಲೆ ಸಿನಿಮಾದಲ್ಲಿ ಎಷ್ಟೋ ಫ್ಯಾಷನ್ನುಗಳು ಬಂದುವು, ಹೋದುವು. ನಮ್ಮಲ್ಲಿ ಪೌರಾಣಿಕದ ಕಾಲ ಕಳೆಯಿತು, ಗೂಢಚಾರರ ಕಾಲವೂ ಕಳೆಯಿತು. ದೆವ್ವ ಮಾತ್ರ ಮನೆ ಬಿಟ್ಟು ಹೋಗಿಲ್ಲ. ಏಕೆ?

ಸುಲಭವಾದ ಉತ್ತರವೊಂದುಂಟು. ಜಾತ್ರೆಯಲ್ಲಿ ತಿರುಗುವ ತೊಟ್ಟಿಲು ಹತ್ತುವವನು ಬೀಳುವುದಿಲ್ಲವೆಂಬ ಭರವಸೆಯಿಂದಲೇ ಹತ್ತುತ್ತಾನೆ. ಮೇಲಿನಿಂದ ಕೆಳಗಿಳಿಯುವಾಗ ಹೊಟ್ಟೆಯಲ್ಲಿ ಏಳುವ ಆ ತಳಮಳಕ್ಕೇ ಅವನು ಕಾಸು ಕೊಟ್ಟಿರುವುದು. ದೆವ್ವದ ಚಿತ್ರವೂ ಅಂತಹ ತೊಟ್ಟಿಲೆಂದು ಹೇಳಬಹುದು. ಈ ಮಾತು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ತೊಟ್ಟಿಲಿನಿಂದ ಇಳಿದ ಮೇಲೆ ನಾವು ಅದನ್ನು ಕುರಿತು ಯೋಚಿಸುವುದಿಲ್ಲ. ದೆವ್ವದ ಚಿತ್ರ ನೋಡಿ ಬಂದ ರಾತ್ರಿ ಬಚ್ಚಲುಮನೆಗೆ ಹೋಗುವಾಗಲೂ ಯೋಚಿಸುತ್ತೇವೆ.

ನನ್ನ ಬಾಲ್ಯದಲ್ಲಿ ಅಜ್ಜಿ ಮಹಡಿಯ ಮೇಲೆ ನಮ್ಮನ್ನೆಲ್ಲ ಸುತ್ತ ಕೂರಿಸಿಕೊಂಡು ಕೈತುತ್ತು ಹಾಕುತ್ತಾ ಕೊಳ್ಳಿದೆವ್ವದ ಕಥೆ ಹೇಳುತ್ತಿದ್ದಳು. ಮೊದಲ ತುತ್ತಿಗೆ ನಾವು ದೂರ ದೂರ ಕುಳಿತಿರುತ್ತಿದ್ದೆವು. ಮಜ್ಜಿಗೆಯನ್ನದ ಹೊತ್ತಿಗೆ ಒಬ್ಬರ ಮಂಡಿ ಇನ್ನೊಬ್ಬರ ಮಂಡಿಗೆ ತಾಗುತ್ತಿತ್ತು. ಹಗಲೆಲ್ಲ ಜಗಳವಾಡಿದ ಅಣ್ಣನ ಷರಟಿನ ಚುಂಗು ನನ್ನ ಮುಷ್ಟಿಯಲ್ಲಿರುತ್ತಿತ್ತು. ಹೆದರಿದವನು ಮೊದಲು ಹುಡುಕುವುದು ಇನ್ನೊಂದು ಕೈಯನ್ನು. ಇದನ್ನು ನೆನಪಿನಲ್ಲಿಟ್ಟಿರಬೇಕು, ಕೊನೆಯಲ್ಲಿ ಬೇಕಾಗುತ್ತದೆ.

ನಮ್ಮ ಹಿರಿಯರು ಈ ವಿಷಯವನ್ನು ಕಡೆಗಣಿಸಿದವರಲ್ಲ. ಭರತನ ನಾಟ್ಯಶಾಸ್ತ್ರ ಎಂಟು ರಸಗಳನ್ನು ಎಣಿಸುವಾಗ ಶೃಂಗಾರ ವೀರಗಳ ಪಂಕ್ತಿಯಲ್ಲೇ ಭಯಾನಕಕ್ಕೂ ಎಲೆ ಹಾಕಿದೆ. ಅದರ ಬಣ್ಣ ಕಪ್ಪು. ಅದರ ಅಧಿದೇವತೆ ಕಾಲ. ಮುಂದೆ ಸುಮಾರು ಒಂದು ಸಾವಿರ ವರ್ಷದ ಹಿಂದೆ ಕಾಶ್ಮೀರದಲ್ಲಿದ್ದ ಅಭಿನವಗುಪ್ತ ಇದನ್ನು ವಿವರಿಸಲು ಕಾಳಿದಾಸನ ಶಾಕುಂತಲದ ಮೊದಲ ಅಂಕಕ್ಕೆ ಹೋಗುತ್ತಾನೆ. ದುಷ್ಯಂತನ ರಥ ಬೆನ್ನಟ್ಟಿದೆ. ಜಿಂಕೆ ಕತ್ತು ತಿರುಗಿಸಿ ತಿರುಗಿಸಿ ನೋಡುತ್ತಾ ಓಡುತ್ತಿದೆ. ಅಲ್ಲಿ ನಾವು ಕಾಣುವುದು ಭಯವನ್ನೇ. ಆದರೆ ಅದು ನನ್ನ ಭಯವಲ್ಲ, ನನ್ನ ಮಿತ್ರನದಲ್ಲ, ಶತ್ರುವಿನದೂ ಅಲ್ಲ. ಇಂಥ ದೇಶದ್ದು, ಇಂಥ ಕಾಲದ್ದು ಎಂಬ ಕಟ್ಟು ಕಳಚಿಹೋದ ಭಯ. ನನ್ನದು ಎಂದುಕೊಂಡರೆ ಎದ್ದು ಓಡಬೇಕಾಗುತ್ತದೆ. ಶತ್ರುವಿನದು ಎಂದುಕೊಂಡರೆ ಸಂತೋಷಪಡಬೇಕಾಗುತ್ತದೆ. ಯಾರದೂ ಅಲ್ಲವಾದುದರಿಂದ ಅದನ್ನು ಎದುರಿಗಿಟ್ಟುಕೊಂಡು ನೋಡಬಹುದು, ಸವಿಯಲೂಬಹುದು. ಗ್ರೀಸಿನ ಅರಿಸ್ಟಾಟಲ್ ದುರಂತನಾಟಕದ ವಿಷಯ ಹೇಳುವಾಗ ಭಯವನ್ನು ಒಂಟಿಯಾಗಿ ಬಿಡಲಿಲ್ಲ. ಕರುಣೆಯನ್ನು ಅದರ ಜೊತೆಗೆ ನಿಲ್ಲಿಸಿದ. ಆ ಜೊತೆಗಾರಿಕೆ ಮುಖ್ಯವೆಂದು ನನಗೆ ತೋರುತ್ತದೆ.

ಈಗ ನಮ್ಮ ಕನ್ನಡದ ತೆರೆಯ ಕಡೆ ನೋಡೋಣ. ೧೯೭೯ರಲ್ಲಿ ಬಂದ 'ನಾ ನಿನ್ನ ಬಿಡಲಾರೆ' ಚಿತ್ರದಲ್ಲಿ ಅನಂತನಾಗ್ ಅವರ ಮೈಮೇಲೆ ಬಂದ ಪ್ರೇತವನ್ನು ಕಂಡು ಬೆವರಿದವರು ನಮ್ಮ ಪೀಳಿಗೆಯಲ್ಲಿ ಬಹಳ ಮಂದಿ. ತೀರದ ಆಸೆಯೊಂದು ಸತ್ತ ಮೇಲೂ ಸುಮ್ಮನಿರಲಾರದೆ ಬಂದು ಕಾಡುವ ಕಥೆ ಅದು. ಕೊನೆಗೆ ಬಿಡುಗಡೆ ರಾಘವೇಂದ್ರ ಸ್ವಾಮಿಗಳ ಅನುಗ್ರಹದಿಂದ. ೨೦೦೪ರ 'ಆಪ್ತಮಿತ್ರ'ದ ನಾಗವಲ್ಲಿ ರಾಜನೊಬ್ಬನ ಕ್ರೌರ್ಯಕ್ಕೆ ಸಿಕ್ಕಿದ ನರ್ತಕಿ. ಆ ಚಿತ್ರ ೧೯೯೩ರ ಮಲಯಾಳದ 'ಮಣಿಚಿತ್ರತ್ತಾಳ್' ಕಥೆಯ ಕನ್ನಡ ರೂಪ. ಗಂಗೆಯ ಪಾತ್ರ ಮಾಡಿದ ಸೌಂದರ್ಯ ಅವರು ಚಿತ್ರ ತೆರೆ ಕಾಣುವ ಮೊದಲೇ, ಅದೇ ವರ್ಷದ ಏಪ್ರಿಲ್‌ನಲ್ಲಿ, ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಇನ್ನು ೨೦೧೬ರ 'ಯೂ ಟರ್ನ್' ನಮ್ಮ ಬೆಂಗಳೂರಿನದೇ ಕಥೆ. ಡಬಲ್ ರೋಡಿನ ಮೇಲುಸೇತುವೆಯಲ್ಲಿ, ಮುಂದೆ ಹೋಗಿ ತಿರುಗಿ ಬರುವ ಸೋಮಾರಿತನಕ್ಕಾಗಿ, ದ್ವಿಚಕ್ರದವರು ನಡುವಣ ಕಲ್ಲುಗಳನ್ನು ಸರಿಸಿ ದಾರಿ ಮಾಡಿಕೊಳ್ಳುತ್ತಾರೆ. ಸರಿಸಿದ ಕಲ್ಲು ರಸ್ತೆಯಲ್ಲೇ ಉಳಿಯುತ್ತದೆ. ಹಿಂದೆ ಬಂದವರು ಸಾಯುತ್ತಾರೆ. ಸತ್ತವರು ಲೆಕ್ಕ ಕೇಳಲು ಬರುತ್ತಾರೆ.

ಈ ಮೂರರಲ್ಲೂ ದೆವ್ವಕ್ಕೆ ಬೇಕಾಗಿರುವುದು ನಮ್ಮ ರಕ್ತವೆಂದು ನಾವು ತಿಳಿಯುತ್ತೇವೆ. ಸ್ವಲ್ಪ ನಿಧಾನಿಸಿ ನೋಡಿದರೆ ಅದಕ್ಕೆ ಬೇಕಾಗಿರುವುದು ಒಂದು ಉತ್ತರ. ಬದುಕಿದ್ದಾಗ ಯಾರೂ ಕೇಳದ ಮಾತನ್ನು ಅದು ಸತ್ತ ಮೇಲೆ ಕೂಗಿ ಹೇಳುತ್ತಿದೆ. ನಮ್ಮ ಚಿತ್ರಗಳ ದೆವ್ವಗಳಲ್ಲಿ ಬಹುಪಾಲು ಹೆಂಗಸರೇ ಏಕೆ ಎಂಬುದಕ್ಕೆ ಇದೇ ಕಾರಣವೇನೊ. ಬದುಕಿರುವಾಗ ಎಲ್ಲಿ ಮಾತಿಗೆ ಎಡೆಯಿಲ್ಲವೊ ಅಲ್ಲಿ ದೆವ್ವಕ್ಕೆ ಎಡೆಯುಂಟು. ದೆವ್ವವೆಂದರೆ ನಾವು ಸಾಲ ತೀರಿಸದೆ ಓಡಾಡುತ್ತಿರುವಾಗ ಮನೆ ಹುಡುಕಿಕೊಂಡು ಬಂದ ಧಣಿ. ಆದುದರಿಂದಲೇ ಅದು ಎಂದಿಗೂ ಹಳತಾಗುವುದಿಲ್ಲ. ನಮ್ಮ ಸಾಲ ಹಳತಾದರಲ್ಲವೆ!

ಇದನ್ನು ಮರುದಿನ ಪಾರ್ಕಿನಲ್ಲಿ ಹೇಳಿದೆ. 'ಸಾಲ' ಎಂಬ ಮಾತು ಲೆಕ್ಕದ ಮಿತ್ರರಿಗೆ ಹಿಡಿಸಿತು. ಆದರೆ ಅವರು ಅಷ್ಟಕ್ಕೇ ಬಿಡುವವರಲ್ಲ.

"ಸರಿ ಸ್ವಾಮಿ, ಆದರೆ ಆ ಕತ್ತು ಕುಯ್ಯೋದು, ರಕ್ತ ಚಿಮ್ಮಿಸೋದು? ಅದನ್ನ ಪುರಿ ತಿನ್ನುತ್ತಾ ನೋಡಿ ಖುಷಿಪಡೋದು? ಅದೂ ರಸಾನೇ ಏನು?"

"ಅದು ನಿಜವಾದ ರಕ್ತವಲ್ಲವಲ್ಲ," ಎಂದೆ. ಹಿಚ್‌ಕಾಕ್ ೧೯೬೦ರಲ್ಲಿ 'ಸೈಕೋ' ತೆಗೆದಾಗ ಸ್ನಾನದ ದೃಶ್ಯದಲ್ಲಿ ಹರಿಯುವ ರಕ್ತ ಚಾಕೊಲೇಟಿನ ಪಾಕವಾಗಿತ್ತು. ಕಪ್ಪು ಬಿಳುಪಿನ ಚಿತ್ರವಾದುದರಿಂದ ಯಾರಿಗೂ ತಿಳಿಯಲಿಲ್ಲ ಎಂದು ವಿವರಿಸಿದೆ. ಹೇಳಿ ಮುಗಿಸುವ ಮೊದಲೇ ನನ್ನ ಮಾತು ನನಗೇ ತಿರುಗಿ ಬಂದು ಹೊಡೆಯಿತು. ಕನ್ನಡ ಓದಿದವನು ಅಷ್ಟು ಸುಲಭವಾಗಿ ಹಾಗೆನ್ನುವಂತಿಲ್ಲ. ಜನ್ನ ಇದ್ದಾನಲ್ಲ!

೧೨೦೯ರ 'ಯಶೋಧರ ಚರಿತೆ'ಯ ಕಥೆ ನೆನಪಿಸಿಕೊಳ್ಳಿ. ರಾಣಿ ಅಮೃತಮತಿ ಮಾವುತನಿಗೆ ಮನಸೋತದ್ದನ್ನು ಕಂಡ ರಾಜ ಕಳವಳದಿಂದ ಕೆಟ್ಟ ಕನಸೆಂದು ತಾಯಿಗೆ ಹೇಳುತ್ತಾನೆ. ಶಾಂತಿಗಾಗಿ ದೇವಿಗೆ ಬಲಿ ಕೊಡು ಎನ್ನುತ್ತಾಳೆ ತಾಯಿ. ಅವನಿಗೆ ಹಿಂಸೆ ಒಲ್ಲದು. ಅವಳ ಮಾತು ಮೀರಲಾರ. ಕೊನೆಗೆ ಒಪ್ಪಂದವಾಗುವುದು ಹಿಟ್ಟಿನ ಕೋಳಿಗೆ. ಚೆನ್ನಾಗಿ ಬಣ್ಣ ಬಳಿದ ಕೋಳಿ. ಕತ್ತಿ ಬಿದ್ದಾಗ ಆ ಹಿಟ್ಟಿನ ಕೋಳಿ ಕೂಗಿಬಿಡುತ್ತದೆ! ಕನ್ನಡ ಸಾಹಿತ್ಯದಲ್ಲಿ ಇದಕ್ಕಿಂತ ಮೈ ಜುಮ್ಮೆನ್ನಿಸುವ ಕೂಗನ್ನು ನಾನು ಕೇಳಿಲ್ಲ. ಆ ಒಂದು ಏಟಿಗಾಗಿ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರ ಮೃಗಪಕ್ಷಿಗಳಾಗಿ ಹುಟ್ಟಿ, ಕೊಲೆಯಾಗಿ, ತೊಳಲುತ್ತಾರೆ. ಸತ್ತದ್ದು ಹಿಟ್ಟು, ಕೊಂದದ್ದು ಸಂಕಲ್ಪ.

ಹಿಟ್ಟಿನ ಕೋಳಿಯನ್ನು ಕೊಂದವನಿಗೆ ಇಷ್ಟಾದರೆ, ಚಾಕೊಲೇಟಿನ ರಕ್ತವನ್ನು ನೋಡಿ ಸುಖಿಸಿದವನಿಗೆ ಎಷ್ಟು? ಲೆಕ್ಕದ ಮಿತ್ರರು ಗೆದ್ದೆನೆಂದು ನನ್ನ ಮುಖ ನೋಡಿದರು. ಅಂದು ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ಹೊಳೆದದ್ದು ಆ ರಾತ್ರಿ, ಅದೂ ನಾಗವಲ್ಲಿಯಿಂದಲೇ. 'ಆಪ್ತಮಿತ್ರ'ದ ಕೊನೆಯನ್ನು ನೋಡಿದವರು ನೆನೆಸಿಕೊಳ್ಳಬಹುದು. ತಾನೇ ನಾಗವಲ್ಲಿಯೆಂದು ನಂಬಿ ಉರಿಯುತ್ತಿರುವ ಗಂಗೆಯ ಕೈಗೆ ವೈದ್ಯ ಕತ್ತಿ ಕೊಡಿಸುತ್ತಾನೆ. ಕೊಲ್ಲಬೇಕಾದವನ ಜಾಗದಲ್ಲಿ ಬೊಂಬೆಯೊಂದನ್ನು ಇಡುತ್ತಾನೆ. ಅವಳು ಬೊಂಬೆಯನ್ನು ಕೊಲ್ಲುತ್ತಾಳೆ. ಕೊಂದು ಬಿಡುಗಡೆ ಹೊಂದುತ್ತಾಳೆ. ಇಲ್ಲಿಯೂ ಹುಸಿಕೊಲೆ, ಅಲ್ಲಿಯೂ ಹುಸಿಕೊಲೆ. ಜನ್ನನ ಅರಸ ಅದರಿಂದ ಸಂಸಾರಚಕ್ರಕ್ಕೆ ಬಿದ್ದ. ಗಂಗೆ ಅದರಿಂದ ಮನೆಗೆ ಮರಳಿದಳು. ವ್ಯತ್ಯಾಸವೆಲ್ಲಿ? ಅರಸ ಇನ್ನೊಂದು ಜೀವದ ಬೆಲೆಯಲ್ಲಿ ತನ್ನ ಕೇಡನ್ನು ಕಳೆದುಕೊಳ್ಳಲು ಹೊರಟವನು. ಬೆಲೆ ಹಿಟ್ಟಿನದಾದರೂ ಬಯಕೆ ಬಲಿಯದೇ. ವೈದ್ಯನಾದರೋ ಉರಿಯುವವಳ ಪಕ್ಕದಲ್ಲಿ ನಿಂತು, ಅವಳ ಉರಿ ಆರಲೆಂದು ಬೊಂಬೆ ಇಟ್ಟವನು. ಒಂದರಲ್ಲಿ ಕರುಣೆ ಇಲ್ಲ. ಇನ್ನೊಂದರಲ್ಲಿ ಕರುಣೆಯೇ ಕತ್ತಿ ಹಿಡಿಸಿದೆ.

ಹಾಗಾದರೆ ನೋಡುವವನಿಗೂ ಇದೇ ಪರೀಕ್ಷೆಯೆನ್ನಬೇಕು. ಕತ್ತಲೆಯಲ್ಲಿ ಕುಳಿತಾಗ ನಾನು ಯಾರ ಪಕ್ಕದಲ್ಲಿದ್ದೆ? ಹೆದರಿದವರ ಪಕ್ಕದಲ್ಲಿಯೊ, ಹೆದರಿಸುವವರ ಪಕ್ಕದಲ್ಲಿಯೊ? ನರಳುವಿಕೆಯನ್ನೇ ಉಣಬಡಿಸುವ ಚಿತ್ರವನ್ನು ಕಂಡು ನಾಲಗೆ ಚಪ್ಪರಿಸಿದರೆ, ರಕ್ತ ಚಾಕೊಲೇಟಿನದೆಂಬ ಸಮಾಧಾನ ಸಾಲದು. ಎಲ್ಲೊ ಒಂದು ಕೋಳಿ ಕೂಗಿರುತ್ತದೆ.

ಇಷ್ಟು ನ್ಯಾಯ ಮಾತಾಡುವ ನಾನು ಒಮ್ಮೆ ಈ ಪರೀಕ್ಷೆಯಲ್ಲಿ ನಪಾಸಾದವನು. ಅದು ಸಿನಿಮಾದಲ್ಲಲ್ಲ, ನನ್ನ ಮನೆಯ ಬಾಗಿಲಲ್ಲಿ.

೧೯೯೦ರ ದಶಕ. ಆಗ ನಾವಿದ್ದುದು ಚಾಮರಾಜಪೇಟೆಯ ಒಂದು ಬಾಡಿಗೆ ಮನೆಯಲ್ಲಿ. ಬೆಂಗಳೂರಿನ ಬೀದಿಬೀದಿಗಳಲ್ಲಿ ಆ ಕಾಲಕ್ಕೆ ಒಂದು ಸುದ್ದಿ ಹಬ್ಬಿತು. ರಾತ್ರಿ ಹೊತ್ತು ದೆವ್ವವೊಂದು ಬಂದು, ನಿಮಗೆ ಬೇಕಾದವರ ದನಿಯಲ್ಲಿ ಕರೆಯುತ್ತದೆ. ಬಾಗಿಲು ತೆರೆದರೆ ಪ್ರಾಣ ಹೋಗುತ್ತದೆ. ಪರಿಹಾರ ಸುಲಭ: ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುವುದು. ದೆವ್ವ ಓದಿಕೊಂಡು ಹೋಗುತ್ತದೆ. ಮರುದಿನ ಬಂದಾಗಲೂ 'ನಾಳೆ ಬಾ' ಎಂದೇ ಇರುತ್ತದೆ. ಸರ್ಕಾರಿ ಕಚೇರಿಯನ್ನು ಕಂಡವರು ಯಾರೊ ಈ ಉಪಾಯ ಹೂಡಿರಬೇಕೆಂದು ನಾವು ನಗುತ್ತಿದ್ದೆವು. ೨೦೧೮ರಲ್ಲಿ ಹಿಂದಿಯ 'ಸ್ತ್ರೀ' ಚಿತ್ರದಲ್ಲಿ ಇದೇ ಉಪಾಯ ಬೇರೊಂದು ಊರಿನ ಗೋಡೆಗಳ ಮೇಲೆ ಕಾಣಿಸಿಕೊಂಡಿತು.

ನಗುತ್ತಿದ್ದೆವು, ನಿಜ. ಆದರೂ ಒಂದು ಸಂಜೆ ಸೀಮೆಸುಣ್ಣ ತೆಗೆದುಕೊಂಡು ನನ್ನ ಕೈಯಿಂದಲೇ ಆ ಎರಡು ಪದಗಳನ್ನು ಬರೆದೆ. ಮಕ್ಕಳು ಹೆದರುತ್ತಾರೆ ಎಂಬುದು ನಾನು ಹೇಳಿಕೊಂಡ ಕಾರಣ.

ನಾಲ್ಕೈದು ದಿನಗಳ ಮೇಲೆ, ರಾತ್ರಿ ಹನ್ನೊಂದರ ಹೊತ್ತಿಗೆ ಬಾಗಿಲು ತಟ್ಟಿದ ಸದ್ದಾಯಿತು. ಹೆಂಗಸಿನ ದನಿ. ನನ್ನ ಹೆಸರು ಹಿಡಿದು ಕರೆಯಿತು. ಪರಿಚಯದ ದನಿಯೇ. ಹೆಂಡತಿ ನನ್ನ ತೋಳು ಹಿಡಿದು, "ತೆಗೀಬೇಡೀಂದ್ರೆ," ಎಂದಳು. ದೆವ್ವವಿಲ್ಲವೆಂದು ನನಗೆ ಗೊತ್ತು. ದನಿ ಯಾರದೆಂದೂ ಹೆಚ್ಚುಕಡಮೆ ಗೊತ್ತು. ಆದರೂ ನನ್ನ ಕೈ ಚಿಲಕದ ಹತ್ತಿರ ಹೋಗಿ ಅಲ್ಲೇ ನಿಂತಿತು. ಎರಡು ನಿಮಿಷವೊ, ಐದು ನಿಮಿಷವೊ! ದನಿ ಮತ್ತೆರಡು ಸಲ ಕರೆದು ಸುಮ್ಮನಾಯಿತು. ಗೇಟಿನ ಸದ್ದಾದ ಮೇಲೆ ಬಾಗಿಲು ತೆಗೆದೆ. ನಾಲ್ಕು ಮನೆ ಆಚೆಯ ಮುದುಕಿ, ಸೆರಗು ಬಿಗಿಹಿಡಿದುಕೊಂಡು, ಮುಂದಿನ ಮನೆಯ ಕಡೆ ನಡೆಯುತ್ತಿದ್ದರು. ಯಜಮಾನರಿಗೆ ಎದೆನೋವು, ನಮ್ಮ ಮನೆಯಲ್ಲಿ ಟೆಲಿಫೋನಿತ್ತು, ಮಗ ಹೊರದೇಶದಲ್ಲಿ. ಓಡಿದೆ. ಆಟೋ ಹಿಡಿದು ಆಸ್ಪತ್ರೆಗೆ ಸೇರಿಸಿದೆವು. ದೇವರ ದಯೆ, ಅವರು ಉಳಿದರು.

ಹತ್ತು ದಿನದ ಮೇಲೆ ಆಕೆ ನಮ್ಮ ಮನೆಗೆ ಬಂದು ಕಾಫಿ ಕುಡಿದರು. ಹೊರಡುವಾಗ ಬಾಗಿಲ ಕಡೆ ನೋಡಿ ಸಹಜವಾಗಿ ಹೇಳಿದರು: "ಅವತ್ತು ಬೀದಿದೀಪದ ಬೆಳಕಲ್ಲಿ ಇದನ್ನೇ ಓದಿಕೊಂಡು ನಿಂತಿದ್ದೆನಪ್ಪ. ನಾಳೆ ಬಾ ಅಂತ ಬರೆದಿದೆ, ನಾಳೆವರೆಗೂ ಇವರು ತಡೀತಾರೋ ಇಲ್ಲವೋ ಅನ್ನಿಸಿಬಿಟ್ಟಿತು."

ಅದು ಆಕ್ಷೇಪಣೆಯ ಮಾತಾಗಿರಲಿಲ್ಲ. ಆಗಿದ್ದರೆ ನಾನೂ ಏನಾದರೂ ಸಮಜಾಯಿಷಿ ಹೇಳುತ್ತಿದ್ದೆ. ಆಕೆ ಹೋದ ಮೇಲೆ ಒದ್ದೆ ಬಟ್ಟೆ ತಂದು ಅಕ್ಷರಗಳನ್ನು ಒರಸಿದೆ. ಹಳೆಯ ಮರದ ಬಾಗಿಲು. ಗೀರುಗಳ ಸಂದಿಯಲ್ಲಿ ಬಿಳುಪು ಬಹುಕಾಲ ಹಾಗೇ ಉಳಿದಿತ್ತು.

ಆ ರಾತ್ರಿಯ ಭಯಕ್ಕೂ ಚಿತ್ರಮಂದಿರದ ಭಯಕ್ಕೂ ಇರುವ ಅಂತರ ನನಗೆ ಅರ್ಥವಾಗಿದ್ದು ಬಹಳ ವರ್ಷಗಳ ಮೇಲೆ. ಚಿತ್ರಮಂದಿರದ ಭಯ ಯಾರದೂ ಅಲ್ಲ, ಆದುದರಿಂದ ಎಲ್ಲರದು. ಬಾಗಿಲ ಹಿಂದಣ ಭಯ ನನ್ನೊಬ್ಬನದು. ಅದಕ್ಕೆ ನನ್ನ ಚಿಲಕವಿತ್ತು, ನನ್ನ ಮಕ್ಕಳಿದ್ದರು, ಹೊರಗೆ ನಿಂತವಳೊಬ್ಬಳು 'ಬೇರೆ'ಯವಳಿದ್ದಳು. ಅಭಿನವಗುಪ್ತನ ಜಿಂಕೆಯನ್ನು ನೋಡುವಾಗ ನಾನು ಜಿಂಕೆಯ ಜೊತೆಗೆ ಓಡಿದ್ದೆ. ಬಾಗಿಲು ತಟ್ಟಿದ ರಾತ್ರಿ, ಓಡಿಬಂದ ಜಿಂಕೆಗೆ ಕದ ಮುಚ್ಚಿದ್ದೆ.

ಭಯ ಸ್ವತಃ ಕೆಟ್ಟದ್ದೂ ಅಲ್ಲ, ಒಳ್ಳೆಯದೂ ಅಲ್ಲ. ಅದು ನಮ್ಮನ್ನು ಯಾವ ಕಡೆಗೆ ತಿರುಗಿಸುತ್ತದೆ ಎಂಬುದೇ ಪ್ರಶ್ನೆ. ನಾವು ದಿನವೂ ಸುತ್ತು ಹಾಕುವ ಈ ಬಸವನಗುಡಿಯ ಅಗಲವಾದ ರಸ್ತೆಗಳನ್ನೇ ನೋಡಿ. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಹಳೆಯ ಪೇಟೆಯ ಇಕ್ಕಟ್ಟಿನಲ್ಲಿ ಜನ ಸತ್ತರು. ಉಳಿದವರು ಊರು ಬಿಟ್ಟರು. ಗಾಳಿ ಬೆಳಕು ಆಡುವ ಹಾಗೆ ಬಸವನಗುಡಿಯನ್ನೂ ಮಲ್ಲೇಶ್ವರವನ್ನೂ ಕಟ್ಟುವುದಕ್ಕೆ ಬಲವಾದ ಪ್ರೇರಣೆ ಆ ಹೆದರಿಕೆಯೇ. ಭಯ ಇಲ್ಲಿ ರಸ್ತೆಯನ್ನು ಅಗಲ ಮಾಡಿತು. ೨೦೨೦ರಲ್ಲಿ ಕೊರೋನಾ ಬಂದಾಗ ಇದೇ ರಸ್ತೆಗಳ ಮನೆಬಾಗಿಲುಗಳ ಮೇಲೆ ಕ್ವಾರಂಟೈನಿನ ಚೀಟಿ ಅಂಟಿಸಿದರು. ಚೀಟಿ ಅಗತ್ಯವಾಗಿತ್ತು, ತಪ್ಪೆನ್ನಲಾರೆ. ಆದರೆ ಆ ಚೀಟಿ ಕಂಡ ಕೂಡಲೆ ಹಾಲಿನ ಪ್ಯಾಕೆಟ್ಟು ತಂದು ಗೇಟಿಗೆ ತಗುಲಿಹಾಕಿ ಹೋದ ನೆರೆಯವರೂ ಇದ್ದರು. ರಸ್ತೆಯ ಆಚೆ ಬದಿಗೆ ಸರಿದು, ಆಮೇಲೆ ತಿಂಗಳುಗಟ್ಟಲೆ ಮುಖ ತಿರುಗಿಸಿದವರೂ ಇದ್ದರು. ಇಬ್ಬರಿಗೂ ಭಯ ಒಂದೇ.

ದೆವ್ವದ ಚಿತ್ರದ ಆಕರ್ಷಣೆ ಎಂದಿಗೂ ಕುಂದದಿರುವುದು ಇದರಿಂದಲೇ ಎಂದು ನಾನೀಗ ತಿಳಿದಿದ್ದೇನೆ. ಸಾವು, ಪಾಪ, ನಾವು ಕೇಳಿಸಿಕೊಳ್ಳದ ಕೂಗು ಇವೆಲ್ಲಕ್ಕೂ ನಾವು ಹಗಲೆಲ್ಲ 'ನಾಳೆ ಬಾ' ಎಂದು ಬರೆದಿಟ್ಟಿರುತ್ತೇವೆ. ವಾರಕ್ಕೊಮ್ಮೆಯೊ ತಿಂಗಳಿಗೊಮ್ಮೆಯೊ ಕತ್ತಲೆಯ ಮನೆಯಲ್ಲಿ, ನೂರು ಜನರ ಜೊತೆಯಲ್ಲಿ, ಎರಡು ಗಂಟೆಯ ಮಟ್ಟಿಗೆ, 'ಇವತ್ತೇ ಬಾ' ಎಂದು ಬಾಗಿಲು ತೆರೆದು ನೋಡುತ್ತೇವೆ. ಒಳ್ಳೆಯ ಚಿತ್ರವಾದರೆ, ಹೊರಗೆ ನಿಂತವರ ಮುಖ ಕಂಡಾಗ ಅದು ನಮಗೆ ಪರಿಚಯದ್ದಾಗಿರುತ್ತದೆ. ಕೆಟ್ಟದಾದರೆ ಇನ್ನೊಂದು ಚಿಲಕ ಹಾಕಿಕೊಂಡು ಬರುತ್ತೇವೆ. ಒಂಟಿ ಹೆಂಗಸನ್ನೊ, ಹುಚ್ಚರನ್ನೊ, ಕುರೂಪಿಯನ್ನೊ ಕಂಡರೆ ಹೆದರುವುದನ್ನು ಕಲಿತು ಬರುತ್ತೇವೆ.

ಇದನ್ನೆಲ್ಲ ಹೇಳಿದ ಮೇಲೆ ಲೆಕ್ಕದ ಮಿತ್ರರು ಸಿನಿಮಾಕ್ಕೆ ಬರಲು ಒಪ್ಪಿದರು. ಪರೀಕ್ಷಾರ್ಥವಾಗಿ, ಎಂದು ಷರತ್ತು ಹಾಕಿದರು. ಮಲ್ಲೇಶ್ವರದಲ್ಲಿ ಚಿತ್ರ. ನಮ್ಮ ಸೋದರಳಿಯ ಆರಾಮವಾಗಿ ನೋಡುತ್ತಿದ್ದ. ಮಿತ್ರರು ಮೊದಲ ಅರ್ಧ ಗಂಟೆ ಕೈಕಟ್ಟಿ ಕುಳಿತಿದ್ದರು. ಆಮೇಲೆ ಅವರ ಕೈ ನನ್ನ ಮುಂದೋಳಿನ ಮೇಲೆ ಬಂದಿತು. ಮಧ್ಯಂತರದಲ್ಲಿ ಬಿಡಿಸಿಕೊಂಡು ನೋಡಿದರೆ ಐದು ಬೆರಳಿನ ಗುರುತಿತ್ತು. ರಾತ್ರಿ ಮೆಟ್ರೋದಲ್ಲಿ ಬಂದು ನ್ಯಾಷನಲ್ ಕಾಲೇಜಿನ ಹತ್ತಿರ ಇಳಿದೆವು. ಅವರ ಮನೆಯ ಅಡ್ಡರಸ್ತೆಯಲ್ಲಿ ದೀಪ ಕೆಟ್ಟಿತ್ತು.

"ಸ್ವಲ್ಪ ಗೇಟಿನವರೆಗೂ ಬರ್ತೀರಾ?" ಎಂದರು.

ಹೋದೆ. ಗೇಟು ತೆಗೆದು ಒಳಗೆ ಹೋದವರು ತಿರುಗಿ, "ನೀವಿಬ್ಬರೇ ಹೋಗಬೇಕಲ್ಲ, ಮೂಲೆ ತಿರುಗೋವರೆಗೂ ನಾನಿಲ್ಲೇ ನಿಂತಿರ್ತೀನಿ," ಎಂದರು. ನಾವು ಮೂಲೆ ತಿರುಗುವಾಗ ಹಿಂದಿರುಗಿ ನೋಡಿದೆ. ಅಷ್ಟು ಹೆದರಿದ್ದ ಮನುಷ್ಯ, ಕತ್ತಲೆಯಲ್ಲಿ, ಗೇಟನ್ನು ತೆರೆದುಕೊಂಡೇ ನಿಂತಿದ್ದರು.